ಸಾತಹಳ್ಳಿಯ ದೊಡ್ಡಸ್ವಾಮಿಯವರು

ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮೇಲೇಳುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಹಾಸನದ ಸೀಮೆಗೆ ಫ್ರೆಂಚ್ ಪಾದ್ರಿಗಳು ಬಂದುದೇಕೆ ಎಂದು ಕೇಳುವವರು ಮಾತ್ರ ವಿರಳ. ಆ ಪ್ರಶ್ನೆಗೆ ಉತ್ತರ ಹುಡುಕಿದರೆ, ಇಗರ್ಜಿ ಕಟ್ಟುವುದಕ್ಕೆ ದಶಕಗಳ ಮೊದಲೇ ಇಲ್ಲಿ ಓಡಾಡಿದ ಅಬ್ಬೆ ದ್ಯುಬುವಾ ಎದುರಾಗುತ್ತಾನೆ.

ದಕ್ಷಿಣ ಫ್ರಾನ್ಸಿನ ಆರ್ದೇಶ್ ಪ್ರಾಂತ್ಯದವನಾದ ದ್ಯುಬುವಾ, ಮಹಾಕ್ರಾಂತಿಯ ಗದ್ದಲದ ನಡುವೆ 1792ರಲ್ಲಿ ಪಾದ್ರಿಯ ದೀಕ್ಷೆ ಪಡೆದು ಭಾರತಕ್ಕೆ ಹೊರಟ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸುವ ಕೆಲಸ ಅವನ ಪಾಲಿಗೆ ಬಂದಿತು. ಫ್ರೆಂಚರು ಇಂಗ್ಲಿಷರಿಗೆ ಆಗ ಶತ್ರುಗಳು. ಮೈಸೂರಿನ ಜನರಿಗೆ ಪಾದ್ರಿಯೆಂದರೆ ಪರಂಗಿ. ಈ ಎರಡು ಅನುಮಾನಗಳ ನಡುವೆ ಅವನು ಬದುಕಬೇಕಾಗಿತ್ತು.

ಅವನು ಐರೋಪ್ಯರ ಸಹವಾಸವನ್ನು ಬಿಟ್ಟ. ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿದ. ಥಾಮಸ್ ಹಿಕ್ಕಿ ಬರೆದ ಚಿತ್ರದಲ್ಲಿ ಇಂದಿಗೂ ಅವನು ಆ ವೇಷದಲ್ಲಿಯೇ ಇದ್ದಾನೆ. ಊಟ, ಉಡುಗೆ, ಮಾತು, ಮರ್ಯಾದೆಗಳಲ್ಲಿ ನೆಲದ ರೀತಿಯನ್ನು ಅನುಸರಿಸಿದ. ಕ್ರೈಸ್ತರು ಅವನನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ಇದು ಎಷ್ಟು ಕಷ್ಟದ ಕೆಲಸವೆಂಬುದನ್ನು ಈ ಜಿಲ್ಲೆಯಲ್ಲಿ ಕೆಲವು ವರ್ಷ ಸರ್ಕಾರಿ ಸೇವೆಯಲ್ಲಿದ್ದ ನಾನು ಬಲ್ಲೆ. ಕನ್ನಡಿಗನಾದ ನನಗೂ ಇಲ್ಲಿ ತಾಲ್ಲೂಕಿಗೊಂದು ಪಾಠವಿತ್ತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಜೈನರ ಮನೆಯಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯಬೇಕು. ಅರಕಲಗೂಡು ಸೀಮೆಯ ಸಂಕೇತಿಗಳು ಮನೆಯೊಳಗೆ ಆಡುವ ನುಡಿ ಕನ್ನಡವಲ್ಲ. ಹೊಳೆನರಸೀಪುರದ ಕಡೆಯ ಹಳ್ಳಿಯೊಂದರಲ್ಲಿ ತಾಂಬೂಲ ಮೊದಲು ಯಾರಿಗೆ ಎಂಬುದು ಇತ್ಯರ್ಥವಾಗುವ ತನಕ ಗಡಿಕಲ್ಲಿನ ತಕರಾರನ್ನು ಎತ್ತುವಂತೆಯೇ ಇರಲಿಲ್ಲ. ಇಂಥ ನಿಯಮಗಳು ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಇವನ್ನು ಅರಿಯದವನ ಒಳ್ಳೆಯ ಉದ್ದೇಶವೂ ಊರಿನ ಬಾಗಿಲಲ್ಲೇ ನಿಂತುಬಿಡುತ್ತದೆ.

ದ್ಯುಬುವಾ ಕಲಿತ ವಿದ್ಯೆ ಎರಡು ದಾರಿಗಳಲ್ಲಿ ಹರಿಯಿತು. ಒಂದು ಸೇವೆಯ ದಾರಿ. ಬಡವರಿಗೆ ದಾನಕ್ಕಿಂತ ಭೂಮಿ ಮುಖ್ಯವೆಂದು ಕಂಡ ಅವನು ಹಾಸನದ ಸಮೀಪದ ಸಾತಹಳ್ಳಿಯಲ್ಲಿ ಬೇಸಾಯದ ವಸಾಹತನ್ನು ನೆಲೆಗೊಳಿಸಿದ. ಜೆನ್ನರನ ಸಿಡುಬಿನ ಲಸಿಕೆ ಭಾರತವನ್ನು ಮುಟ್ಟಿದ್ದು 1802ರಲ್ಲಿ. 1803-04ರ ಅವಧಿಯಲ್ಲಿ ಅವನ ಪ್ರಯತ್ನದಿಂದ 25 ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿದುದು ದಾಖಲಾಗಿದೆ. ಆಗ ಲಸಿಕೆ ಸೀಸೆಯಲ್ಲಿ ಬರುತ್ತಿರಲಿಲ್ಲ. ಒಂದು ಮಗುವಿನ ತೋಳಿನ ಕೀವು ಇನ್ನೊಂದು ಮಗುವಿನ ತೋಳಿಗೆ ಹೋಗಬೇಕಿತ್ತು. ಮಡಿ, ಮೈಲಿಗೆ, ಜಾತಿಗಳ ಗೆರೆ ಎಲ್ಲೆಲ್ಲಿ ಹಾದುಹೋಗುತ್ತದೆಂದು ತಿಳಿಯದವನಿಗೆ ಯಾವ ತಾಯಿ ತನ್ನ ಕೂಸನ್ನು ಒಪ್ಪಿಸಿಯಾಳು?

ಇನ್ನೊಂದು ಅಧಿಕಾರದ ದಾರಿ. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವನ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿದ. 1807ರಲ್ಲಿ ಬೆಂಟಿಂಕ್ ಗವರ್ನರ್ ಆಗಿದ್ದ ಮದರಾಸಿನ ಸರ್ಕಾರ ಅದನ್ನು 2,000 ವರಹಗಳಿಗೆ ಕೊಂಡುಕೊಂಡಿತು. ಜನರನ್ನು ಆಳುವ ಕಂಪನಿಯ ನೌಕರರಿಗೆ ಅದು ಉಪಯುಕ್ತವೆಂಬುದೇ ಬೆಲೆಯ ಸಮರ್ಥನೆ. ಪುಸ್ತಕದ ತುಂಬ ವಿವರಗಳಿವೆ. ಬ್ರಾಹ್ಮಣರ ಬಗೆಗೆ ಕಠೋರವಾದ ತೀರ್ಪುಗಳೂ ಇವೆ. ಬಹುಕಾಲ ಅದನ್ನು ಕಣ್ಣಾರೆ ಕಂಡವನ ಸಾಕ್ಷ್ಯವೆಂದೇ ಓದಲಾಯಿತು. 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅದರ ಬಹುಭಾಗಕ್ಕೆ ಆಧಾರ 1770ರ ದಶಕದಲ್ಲಿ ಜೆಸ್ವಿಟ್ ಪಾದ್ರಿ ಕೂರ್ದೂ ಬರೆದಿದ್ದ ಗ್ರಂಥವೆಂದು ತೋರಿಸಿಕೊಟ್ಟರು. ಕೀರ್ತಿ ತಂದ ಪುಸ್ತಕ ಹೀಗೆ ಬಹುಪಾಲು ಎರವಲಿನದು.

31 ವರ್ಷಗಳ ವಾಸದ ಬಳಿಕ 1823ರಲ್ಲಿ ಅವನು ಕಂಪನಿಯ ಪಿಂಚಣಿಯೊಡನೆ ಫ್ರಾನ್ಸಿಗೆ ಮರಳಿದ. ಹಿಂದೂಗಳ ಮತಾಂತರ ಕೈಗೂಡುವ ಕೆಲಸವಲ್ಲವೆಂದು ಅದೇ ವರ್ಷ ಲಂಡನ್ನಿನಲ್ಲಿ ಬಹಿರಂಗವಾಗಿ ಬರೆದು ಇತರ ಮಿಷನರಿಗಳ ಕೋಪಕ್ಕೆ ಗುರಿಯಾದ. ಪಂಚತಂತ್ರವನ್ನು ಫ್ರೆಂಚಿಗೆ ಅನುವಾದಿಸಿದ. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಮುಖ್ಯಸ್ಥನಾಗಿಯೂ ಇದ್ದು, 1848ರಲ್ಲಿ ತೀರಿಕೊಂಡ.

ಇಂದು ನಮ್ಮ ಮಕ್ಕಳು ಹೊರದೇಶಗಳಿಗೆ ಹೋಗುತ್ತಾರೆ. ಹೊರಗಿನವರು ನಮ್ಮ ನಗರಗಳಿಗೆ ಬರುತ್ತಾರೆ. ಅಲ್ಲಿನ ನಡೆನುಡಿ ಕಲಿಯಿರಿ ಎಂಬ ಉಪದೇಶ ಎಲ್ಲರಿಗೂ ಸಿಗುತ್ತದೆ. ಕಲಿತದ್ದು ಯಾರ ಉಪಯೋಗಕ್ಕೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ದ್ಯುಬುವಾನ ರುಮಾಲು ಎರಡೂ ಕೆಲಸಗಳಿಗೆ ಒದಗಿತು. ಅವನು ಮಾರಿದ ಜ್ಞಾನ ಪರರದೆಂದು ಕಾಲ ಹೇಳಿತು. ಲಸಿಕೆಯಿಂದ ಉಳಿದ ಜೀವಗಳ ಲೆಕ್ಕವನ್ನು ಮಾತ್ರ ಯಾವ ಸಂಶೋಧನೆಯೂ ಅವನ ಹೆಸರಿನಿಂದ ತೆಗೆದಿಲ್ಲ.