ಶುಲ್ಕ ಪಡೆಯದೆ ವಾದಿಸಿದ ಶ್ರೀಮಂತ ವಕೀಲ

ಮಗನೋ ಮಗಳೋ ವಕೀಲಿವೃತ್ತಿಗೆ ಕಾಲಿಟ್ಟಾಗ ನಮ್ಮ ಕುಟುಂಬಗಳ ಹಿರಿಯರಲ್ಲಿ ಎರಡು ಆಸೆಗಳು ಒಟ್ಟಿಗೆ ಮೂಡುವುದುಂಟು. ದೊಡ್ಡ ಕಂಪೆನಿಗಳ ಮೊಕದ್ದಮೆಗಳು ದೊರೆತು ಬದುಕು ನೆಲೆಗೊಳ್ಳಲಿ ಎಂಬುದು ಒಂದು. ಬಡವರ ಪರವಾಗಿಯೂ ನಿಲ್ಲಲಿ ಎಂಬುದು ಇನ್ನೊಂದು. ಇವೆರಡನ್ನೂ ಸಾಧಿಸಿ, ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತ ಅಮೆರಿಕದ ನ್ಯಾಯವಾದಿ ಲೂಯಿ ಬ್ರಾಂಡೈಸ್ ಅವರ ಜೀವನವನ್ನು ಈ ವಾರ ಓದುಗರ ಮುಂದಿಡುತ್ತಿದ್ದೇವೆ. ಅವರು ಕಥೋಲಿಕರಲ್ಲ, ಯೆಹೂದ್ಯರು. ಆದರೂ ನಮ್ಮ ಧರ್ಮಸಭೆಯ ಗುರುವೊಬ್ಬರ ಮೊಕದ್ದಮೆಯೂ, ಧರ್ಮಭಗಿನಿಯರ ಶಾಲೆಗಳ ಅಳಿವು ಉಳಿವಿನ ಪ್ರಶ್ನೆಯೂ ಅವರ ಬದುಕಿನ ಹಾದಿಯಲ್ಲಿ ಎದುರಾದವು.

ಪ್ರಾಗ್ ನಗರದಿಂದ ವಲಸೆ ಬಂದ ದಂಪತಿಗಳ ಮಗನಾಗಿ 1856ರ ನವೆಂಬರ್ 13ರಂದು ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಅವರು ಜನಿಸಿದರು. ಹದಿನೆಂಟನೆಯ ವಯಸ್ಸಿಗೇ ಹಾರ್ವರ್ಡ್ ಕಾನೂನು ಶಾಲೆ ಸೇರಿದರು. ಅಲ್ಲಿ ಕಣ್ಣುಗಳು ದುರ್ಬಲಗೊಂಡಾಗ ಸಹಪಾಠಿಗಳು ಓದಿ ಹೇಳಿದ್ದನ್ನು ಕೇಳಿ ಕಲಿತರು. ಆದರೂ ಪ್ರಥಮ ಸ್ಥಾನ ತಪ್ಪಲಿಲ್ಲ. 1879ರಲ್ಲಿ ಸಹಪಾಠಿ ಸ್ಯಾಮ್ಯುಯೆಲ್ ವಾರನ್ ಅವರೊಂದಿಗೆ ಬಾಸ್ಟನ್‌ನಲ್ಲಿ ವಕೀಲಿ ಕಚೇರಿ ತೆರೆದರು. ವಾರನ್ ಅವರದು ಕಾಗದ ತಯಾರಿಸುವ ಮನೆತನ. ಕಾಗದದ ಗಿರಣಿಗಳು, ಪಾದರಕ್ಷೆ ಕಾರ್ಖಾನೆಗಳು, ವರ್ತಕರು ಕಕ್ಷಿದಾರರಾಗಿ ಬಂದರು. ಕಕ್ಷಿದಾರನ ಲೆಕ್ಕಪುಸ್ತಕವನ್ನು ಕಕ್ಷಿದಾರನಿಗಿಂತ ಚೆನ್ನಾಗಿ ಅರಿತು ವಾದಿಸುವುದು ಬ್ರಾಂಡೈಸರ ಕ್ರಮವಾಗಿತ್ತು. 1907ರ ಹೊತ್ತಿಗೆ ಅವರು ಹತ್ತು ಲಕ್ಷ ಡಾಲರುಗಳ ಒಡೆಯರಾಗಿದ್ದರು. ಈ ಗೆಳೆಯರಿಬ್ಬರೂ 1890ರಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಬರೆದ ಲೇಖನವನ್ನು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 2017ರಲ್ಲಿ ನೀಡಿದ ತೀರ್ಪಿನಲ್ಲಿಯೂ ಸ್ಮರಿಸಲಾಗಿದೆ.

ಧನಾರ್ಜನೆಯ ಜತೆಜತೆಗೇ ಬೇರೊಂದು ಕಾಯಕ ಆರಂಭವಾಗಿತ್ತು. ಆ ಕಾಲದ ವಿಮಾ ಕಂಪೆನಿಗಳು ಕಾರ್ಮಿಕರ ಮನೆಬಾಗಿಲಿಗೆ ಏಜೆಂಟರನ್ನು ಕಳುಹಿಸಿ ವಾರವಾರವೂ ಚಿಲ್ಲರೆ ಕಾಸು ಸಂಗ್ರಹಿಸುತ್ತಿದ್ದವು. ಅದರಲ್ಲಿ ದೊಡ್ಡ ಪಾಲು ವಸೂಲಿಯ ಖರ್ಚಿಗೇ ಹೋಗುತ್ತಿತ್ತು. ಕಂತು ತಪ್ಪಿದವನಿಗೆ ಕಟ್ಟಿದ ಹಣವೂ ಇಲ್ಲ, ವಿಮೆಯೂ ಇಲ್ಲ. ಬ್ರಾಂಡೈಸ್ ಲೆಕ್ಕ ಹಾಕಿ, ಉಳಿತಾಯ ಬ್ಯಾಂಕುಗಳೇ ಅಗ್ಗದ ದರದಲ್ಲಿ ಜೀವವಿಮೆ ನೀಡುವಂತೆ 1907ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಾನೂನು ಬರುವಂತೆ ಮಾಡಿದರು. ಇಂಥ ಸಾರ್ವಜನಿಕ ಕೆಲಸಕ್ಕೆ ಅವರು ಶುಲ್ಕ ಪಡೆಯುತ್ತಿರಲಿಲ್ಲ. ಅಷ್ಟೇ ಅಲ್ಲ, ತಾವು ಹೀಗೆ ವ್ಯಯಿಸಿದ ಸಮಯದಿಂದ ಪಾಲುದಾರರಿಗೆ ನಷ್ಟವಾಗಬಾರದೆಂದು ಆ ಗಂಟೆಗಳ ಬೆಲೆಯನ್ನು ಸ್ವಂತ ಹಣದಿಂದ ಕಚೇರಿಗೆ ತುಂಬಿಕೊಟ್ಟರು. ಧರ್ಮಕಾರ್ಯದ ಹೊರೆಯನ್ನು ಪರರ ಹೆಗಲಿಗೆ ಹೊರಿಸದ ಈ ಎಚ್ಚರ ನಮಗೆ ಅವರ ದಾನಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ಕರ್ಟ್ ಮುಲ್ಲರ್ ಎಂಬ ಲಾಂಡ್ರಿ ಮಾಲಿಕರು ಕೆಲಸದ ಹೆಂಗಸೊಬ್ಬಳನ್ನು ದಿನಕ್ಕೆ ಹತ್ತು ಗಂಟೆಗೂ ಮೀರಿ ದುಡಿಸಿ ಕಾನೂನು ಮುರಿದಿದ್ದರು. ಆ ಕಾನೂನೇ ಅಸಿಂಧುವೆಂಬ ಅವರ ವಾದ ಸುಪ್ರೀಂ ಕೋರ್ಟಿಗೆ ಬಂದಾಗ, ಗ್ರಾಹಕರ ಸಂಘವೊಂದರಲ್ಲಿ ದುಡಿಯುತ್ತಿದ್ದ ನಾದಿನಿ ಜೋಸೆಫಿನ್ ಗೋಲ್ಡ್‌ಮಾರ್ಕ್ ಅವರು ಬ್ರಾಂಡೈಸರನ್ನು ಕೇಳಿಕೊಂಡರು. 1908ರಲ್ಲಿ ಅವರು ಸಲ್ಲಿಸಿದ ನೂರಕ್ಕೂ ಮಿಕ್ಕ ಪುಟಗಳ ಲಿಖಿತ ವಾದದಲ್ಲಿ ಕಾನೂನಿನ ಮಾತು ಎರಡೇ ಪುಟ. ಉಳಿದುದೆಲ್ಲ ದೀರ್ಘ ದುಡಿಮೆ ಸ್ತ್ರೀಯ ದೇಹಕ್ಕೆ, ಸಂಸಾರಕ್ಕೆ ಏನು ಮಾಡುತ್ತದೆಂಬ ಬಗ್ಗೆ ವೈದ್ಯರ, ಕಾರ್ಖಾನೆ ತಪಾಸಣಾಧಿಕಾರಿಗಳ ವರದಿಗಳು. ನ್ಯಾಯಮೂರ್ತಿಗಳೆಲ್ಲರೂ ಕಾನೂನನ್ನು ಎತ್ತಿಹಿಡಿದರು.

ಅದೇ ಪೋರ್ಟ್‌ಲೆಂಡಿನಲ್ಲಿ ಯುವ ಗುರು ವಂದನೀಯ ಎಡ್ವಿನ್ ಓಹಾರಾ ಅವರು ದುಡಿಯುವ ಹೆಣ್ಣುಮಕ್ಕಳ ಕನಿಷ್ಠ ವೇತನಕ್ಕಾಗಿ ಹೋರಾಡುತ್ತಿದ್ದರು. ಕ್ಯಾರೊಲಿನ್ ಗ್ಲೀಸನ್ ಎಂಬ ತರುಣಿ ಕಾರ್ಖಾನೆಗಳಲ್ಲಿ ಸಮೀಕ್ಷೆ ನಡೆಸಿ ಕೂಲಿಯ ಲೆಕ್ಕ ತಂದಳು. 1913ರಲ್ಲಿ ಕಾನೂನಾಯಿತು, ಫಾದರ್ ಓಹಾರಾ ಆಯೋಗದ ಅಧ್ಯಕ್ಷರಾದರು. ಕಾಗದದ ಪೆಟ್ಟಿಗೆ ತಯಾರಿಸುವ ಮಾಲಿಕ ಫ್ರಾಂಕ್ ಸ್ಟೆಟ್ಲರ್ ಅವರ ಮೇಲೆಯೇ ದಾವೆ ಹೂಡಿದನು. 1914ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆ ಕಾನೂನಿನ ಪರವಾಗಿ ಎದ್ದು ನಿಂತವರು ಬ್ರಾಂಡೈಸ್.

ತೀರ್ಪು ಬರುವ ಮೊದಲೇ, 1916ರ ಜನವರಿಯಲ್ಲಿ ಅಧ್ಯಕ್ಷ ವಿಲ್ಸನ್ ಅವರು ಬ್ರಾಂಡೈಸರನ್ನು ಅದೇ ನ್ಯಾಯಾಲಯಕ್ಕೆ ನಾಮಕರಣ ಮಾಡಿದರು. ನಾಲ್ಕು ತಿಂಗಳ ಕಾಲ ಸೆನೆಟ್ ಅವರ ವೃತ್ತಿಜೀವನವನ್ನು ಬಗೆದು ನೋಡಿತು. ಯೆಹೂದ್ಯರೆಂಬ ದ್ವೇಷ ಒಳಗೊಳಗೆ ಕೆಲಸ ಮಾಡಿತ್ತು, ನಿಜ. ಆದರೆ ಆಕ್ಷೇಪವೆಲ್ಲ ದ್ವೇಷವೇ ಎನ್ನಲಾಗದು. ಪಾದರಕ್ಷೆ ಯಂತ್ರಗಳ ದೊಡ್ಡ ಕಂಪೆನಿಯೊಂದಕ್ಕೆ ಅವರು ವಕೀಲರೂ ನಿರ್ದೇಶಕರೂ ಆಗಿದ್ದು, ಅದರ ಬಾಡಿಗೆ ಕರಾರುಗಳನ್ನು ಸಮರ್ಥಿಸಿದ್ದರು. ಹೊರಬಂದು ಕೆಲ ವರ್ಷಗಳ ಬಳಿಕ ಅವೇ ಕರಾರುಗಳ ವಿರುದ್ಧ ಮಾತನಾಡಿದರು. ಅಭಿಪ್ರಾಯ ಬದಲಾಗಬಹುದು, ಕಕ್ಷಿದಾರನ ಗುಟ್ಟು ಬದಲಾಗದು. ಈ ಒಂದು ಪ್ರಶ್ನೆಗೆ ಅವರ ಕಡೆಯ ಉತ್ತರಗಳು ನಮಗೆ ಪೂರ್ಣ ಸಮಾಧಾನ ನೀಡುವುದಿಲ್ಲ. ಜೂನ್ 1ರಂದು 47 ಮತಗಳು ಪರ, 22 ವಿರುದ್ಧ ಬಿದ್ದು ಅವರು ನ್ಯಾಯಮೂರ್ತಿಯಾದರು.

ತಾವೇ ವಾದಿಸಿದ ಮೊಕದ್ದಮೆಗೆ ತಾವೇ ತೀರ್ಪುಗಾರರಾಗಲು ಬರುವಂತಿರಲಿಲ್ಲ. ಫಾದರ್ ಓಹಾರಾ ಅವರ ಮೊಕದ್ದಮೆಯಿಂದ ಬ್ರಾಂಡೈಸ್ ದೂರ ಸರಿದರು. 1917ರಲ್ಲಿ ಉಳಿದ ಎಂಟು ಮಂದಿ ನಾಲ್ಕು ನಾಲ್ಕಾಗಿ ಒಡೆದರು. ಮತ ಸಮವಾದುದರಿಂದ ಒರೆಗಾನ್ ಕಾನೂನು ಉಳಿಯಿತು, ಆದರೆ ದೇಶಕ್ಕೆಲ್ಲ ಅನ್ವಯಿಸುವ ತೀರ್ಪು ದೊರೆಯಲಿಲ್ಲ. ಅವರು ಪೀಠದಲ್ಲಿದ್ದರೆ ಆ ಒಂದು ಮತ ಎಲ್ಲಿಗೆ ಬೀಳುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. 1923ರಲ್ಲಿ ರಾಜಧಾನಿಯ ಕನಿಷ್ಠ ವೇತನ ಕಾನೂನು ವಿಚಾರಣೆಗೆ ಬಂದಾಗಲೂ ಹಾಗೆಯೇ ಆಯಿತು. ಮಗಳು ಎಲಿಜಬೆತ್ ಆ ವೇತನ ಮಂಡಳಿಯ ನೌಕರಿಯಲ್ಲಿದ್ದುದರಿಂದ ಅವರು ಕುಳಿತುಕೊಳ್ಳಲಿಲ್ಲ. ಕಾನೂನು ಬಿದ್ದುಹೋಯಿತು. ಹೆಣ್ಣುಮಕ್ಕಳು ಇನ್ನೂ ಹದಿನಾಲ್ಕು ವರ್ಷ ಕಾಯಬೇಕಾಯಿತು. 1937ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಕನಿಷ್ಠ ವೇತನ ಗೆದ್ದಾಗ ಆ ಐವರಲ್ಲಿ ಎಂಬತ್ತರ ಬ್ರಾಂಡೈಸರೂ ಒಬ್ಬರು.

ಈ ನಡುವೆ ಒರೆಗಾನ್ ಇನ್ನೊಮ್ಮೆ ಅವರೆದುರು ಬಂದಿತು. ಮಕ್ಕಳೆಲ್ಲರೂ ಸರಕಾರಿ ಶಾಲೆಗೇ ಹೋಗಬೇಕೆಂಬ ಕಾನೂನನ್ನು ಅಲ್ಲಿನ ಮತದಾರರು 1922ರಲ್ಲಿ ಅಂಗೀಕರಿಸಿದ್ದರು. ಕಥೋಲಿಕ ಶಾಲೆಗಳ ಬಾಗಿಲು ಮುಚ್ಚಿಸುವುದೇ ಅದರ ಗುರಿ. ಯೇಸು ಮರಿಯರ ಪವಿತ್ರ ನಾಮಗಳ ಧರ್ಮಭಗಿನಿಯರು ನ್ಯಾಯಾಲಯದ ಮೆಟ್ಟಿಲೇರಿದರು. 1925ರ ಜೂನ್ 1ರಂದು, ಬ್ರಾಂಡೈಸರಿಗೆ ಸೆನೆಟ್ ಒಪ್ಪಿಗೆ ನೀಡಿ ಸರಿಯಾಗಿ ಒಂಬತ್ತು ವರ್ಷಕ್ಕೆ, ಕಾನೂನು ಸರ್ವಾನುಮತದಿಂದ ರದ್ದಾಯಿತು. ತೀರ್ಪು ಬರೆದ ಮ್ಯಾಕ್‌ರೆನಾಲ್ಡ್ಸ್ ಯೆಹೂದ್ಯರೆಂಬ ಕಾರಣಕ್ಕೆ ಬ್ರಾಂಡೈಸರೊಂದಿಗೆ ಮಾತನ್ನೇ ಆಡದವರು. ಆ ತೀರ್ಪಿಗೆ ಬ್ರಾಂಡೈಸ್ ಸಹಮತ ನೀಡಿದರು. ಕೂಲಿಯ ಲೆಕ್ಕ ತಂದಿದ್ದ ಕ್ಯಾರೊಲಿನ್ ಗ್ಲೀಸನ್ ಆ ವೇಳೆಗೆ ಅದೇ ಸಭೆಯಲ್ಲಿ ಸಿಸ್ಟರ್ ಮಿರಿಯಮ್ ತೆರೇಸಾ ಆಗಿದ್ದರು. ಫಾದರ್ ಓಹಾರಾ ಮುಂದೆ ಧರ್ಮಾಧ್ಯಕ್ಷರಾದರು.

ಬ್ರಾಂಡೈಸ್ 1939ರಲ್ಲಿ ನಿವೃತ್ತರಾಗಿ 1941ರ ಅಕ್ಟೋಬರ್ 5ರಂದು ತೀರಿಕೊಂಡರು. ಅವರ ಚಿತಾಭಸ್ಮವನ್ನು ಹುಟ್ಟೂರು ಲೂಯಿವಿಲ್‌ನ ಕಾನೂನು ಶಾಲೆಯ ಮುಂಭಾಗದ ಕಂಬಸಾಲಿನ ಕೆಳಗೆ ಇರಿಸಲಾಗಿದೆ.