37ನೇ ವಯಸ್ಸಿಗೆ ಮೊದಲ ಸಂಬಳ

ಮೊದಲ ಸಂಬಳ ಕೈಗೆ ಬಂದಾಗ ಆಕೆಗೆ 37 ವರ್ಷ. ವರ್ಷಕ್ಕೆ 50 ಪೌಂಡ್. ಕೊಟ್ಟವನು ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್. ಆಕೆ ಧೂಮಕೇತುಗಳ ಬೇಟೆಗೆ ಹೆಸರಾದ ಕ್ಯಾರೊಲಿನ್ ಹರ್ಷೆಲ್.

ಕ್ಯಾರೊಲಿನ್ ಹುಟ್ಟಿದ್ದು 1750ರಲ್ಲಿ, ಜರ್ಮನಿಯ ಹ್ಯಾನೋವರ್‌ನಲ್ಲಿ. ಹತ್ತನೇ ವಯಸ್ಸಿನಲ್ಲಿ ಬಂದ ಟೈಫಸ್ ಜ್ವರದಿಂದ ಎತ್ತರ 4 ಅಡಿ 3 ಇಂಚಿಗೇ ನಿಂತಿತು. ಮಗಳು ಮನೆಗೆಲಸ ಮಾಡಿಕೊಂಡಿದ್ದರೆ ಸಾಕೆಂಬುದು ತಾಯಿಯ ಹಟ. 1772ರಲ್ಲಿ ಅಣ್ಣ ವಿಲಿಯಂ, ಬದಲಿ ಆಳಿನ ಖರ್ಚನ್ನು ತಾನೇ ಕೊಡುವುದಾಗಿ ತಾಯಿಯನ್ನು ಒಪ್ಪಿಸಿ, ತಂಗಿಯನ್ನು ಇಂಗ್ಲೆಂಡಿಗೆ ಕರೆದೊಯ್ದ.

ಸಂಗೀತಗಾರನಾಗಿದ್ದ ಅಣ್ಣ ಆಕೆಗೆ ಹಾಡು, ಗಣಿತ ಎರಡನ್ನೂ ಕಲಿಸಿದ. ಅವನಿಗೆ ಟೆಲಿಸ್ಕೋಪಿನ ಹುಚ್ಚು. ಅವನು ಗಂಟೆಗಟ್ಟಲೆ ಕನ್ನಡಿ ಉಜ್ಜುವಾಗ ತಂಗಿ ಅವನ ಬಾಯಿಗೆ ತುತ್ತಿಡುತ್ತಿದ್ದಳು. ಕನ್ನಡಿಯ ಅಚ್ಚಿಗಾಗಿ ಕುದುರೆ ಲದ್ದಿ ಕುಟ್ಟಿ ಜರಡಿ ಹಿಡಿದಳು. ರಾತ್ರಿ ಅವನು ಹೇಳಿದ್ದನ್ನು ಬರೆದುಕೊಂಡು ಹಗಲು ಲೆಕ್ಕ ಹಾಕುತ್ತಿದ್ದಳು. ಮಗ್ಗಿ ಮಾತ್ರ ಬಾಯಿಗೆ ಬರಲೇ ಇಲ್ಲ. ಮಗ್ಗಿಯ ಹಾಳೆ ಜೊತೆಗಿಟ್ಟುಕೊಂಡೇ ಲೆಕ್ಕ ಮುಗಿಸುತ್ತಿದ್ದಳು. 1781ರಲ್ಲಿ ವಿಲಿಯಂ ಯುರೇನಸ್ ಗ್ರಹ ಕಂಡುಹಿಡಿದ. ದೊರೆ ಅವನಿಗೆ ಸಂಬಳ ಗೊತ್ತುಮಾಡಿದ. ತಂಗಿಗೆ ಏನೂ ಇರಲಿಲ್ಲ.

ಧೂಮಕೇತು ಎಂದರೆ ಮಂಜುಗಡ್ಡೆ, ದೂಳು ಸೇರಿದ ಮುದ್ದೆ. ಸೂರ್ಯನ ಹತ್ತಿರ ಬಂದಾಗ ಮಂಜು ನೇರವಾಗಿ ಅನಿಲವಾಗಿ ದೂಳನ್ನೂ ಹೊತ್ತು ಚಿಮ್ಮುತ್ತದೆ. ಬಾಲ ಮೂಡುವುದು ಹೀಗೆ. ಅದು ಸೂರ್ಯನಿಂದ ಆಚೆಗೆ ಚಾಚಿರುತ್ತದೆ. ದೂರದಲ್ಲಿದ್ದಾಗ ಅದು ಬರೀ ಮಸುಕು ಚುಕ್ಕೆ, ನೀಹಾರಿಕೆಯಂತೆಯೇ ಕಾಣುತ್ತದೆ. ಆದರೆ ನೀಹಾರಿಕೆ ನಕ್ಷತ್ರಗಳ ನಡುವೆ ಇದ್ದಲ್ಲೇ ಇರುತ್ತದೆ. ಧೂಮಕೇತು ಮರುದಿನ ಜಾಗ ಬದಲಿಸಿರುತ್ತದೆ.

1786ರ ಆಗಸ್ಟ್ 1. ಅಣ್ಣ ಜರ್ಮನಿಗೆ ಹೋಗಿದ್ದ. ಒಬ್ಬಳೇ ಆಕಾಶ ಜಾಲಾಡುತ್ತಿದ್ದ ಕ್ಯಾರೊಲಿನ್‌ಗೆ ಅಂಥದೊಂದು ಮಸುಕು ಕಂಡಿತು. ಮರುರಾತ್ರಿ ಅದು ಸರಿದಿತ್ತು! ತಡಮಾಡದೆ ರಾಯಲ್ ಸೊಸೈಟಿಯ ಕಾರ್ಯದರ್ಶಿಗೆ ಪತ್ರ ಬರೆದಳು. ಮರುವರ್ಷ ಅಣ್ಣನ ಸಹಾಯಕಿ ಎಂದು ಸಂಬಳ ಶುರುವಾಯಿತು. ಇಷ್ಟಬಂದಂತೆ ಖರ್ಚು ಮಾಡಲು ಆಕೆಗೆ ಸಿಕ್ಕ ಮೊದಲ ದುಡ್ಡು ಅದು.

1797ರ ಹೊತ್ತಿಗೆ ಆಕೆ ಗುರುತಿಸಿದ ಧೂಮಕೇತುಗಳು ಎಂಟು. 1828ರಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. 1848ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡಳು.

ಕ್ಯಾಂಪಸ್ ಸೆಲೆಕ್ಷನ್ ಆಗದಿದ್ದರೆ 22ಕ್ಕೇ ಎಲ್ಲ ಮುಗಿಯಿತು ಎಂದುಕೊಳ್ಳುವವರು ನಾವು. ಕ್ಯಾರೊಲಿನ್ ಇಂಗ್ಲೆಂಡಿಗೆ ಹೊರಟದ್ದೇ 22ನೇ ವಯಸ್ಸಿಗೆ. ದುಡಿಮೆಗೆ ಬೆಲೆ ಸಿಗಲು ಹದಿನೈದು ವರ್ಷ ಹಿಡಿದದ್ದು ಅನ್ಯಾಯವೇ. ಆದರೆ ಆ ವರ್ಷಗಳಲ್ಲಿ ಕಲಿತ ಲೆಕ್ಕ ಆಕೆಯ ಕೈಬಿಡಲಿಲ್ಲ. 1788ರಲ್ಲಿ ಆಕೆ ಕಂಡ ಧೂಮಕೇತು 1939ರಲ್ಲಿ ಮತ್ತೆ ಬಂತು. ಇನ್ನೊಮ್ಮೆ ಬರುವುದು 2092ರಲ್ಲಿ. ಹೆಸರಿನಲ್ಲಿ ಹರ್ಷೆಲ್ ಇದ್ದೇ ಇದೆ.