ಟ್ಯೂರಿಂಗ್ ಹೂತಿಟ್ಟ ಚೀಟಿಗಳು

ಅಲನ್ ಟ್ಯೂರಿಂಗ್ ಅಂದ ಕೂಡಲೇ ನಮಗೆ ನೆನಪಾಗೋದು ಎನಿಗ್ಮಾ, ಇಲ್ಲಾಂದ್ರೆ ಪರೀಕ್ಷೆಗೆ ಬರೋ ಟ್ಯೂರಿಂಗ್ ಮಷೀನ್. ಸ್ಟ್ಯಾಕ್ ವಿಷಯ ಬಂದಾಗ ಅವರ ಹೆಸರು ಯಾರೂ ಎತ್ತೋದಿಲ್ಲ. ಎತ್ತಬೇಕು.

ಹುಟ್ಟಿದ್ದು 1912ರ ಜೂನ್ 23, ಲಂಡನ್ನಿನಲ್ಲಿ. ತಂದೆ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ, ತಾಯಿಯ ತಂದೆ ಮದ್ರಾಸ್ ರೈಲ್ವೆಯ ಮುಖ್ಯ ಇಂಜಿನಿಯರ್. 1936ರ ಪ್ರಬಂಧದಲ್ಲಿ ಟ್ಯೂರಿಂಗ್ ಕಲ್ಪಿಸಿದ ಯಂತ್ರದ ಟೇಪಿಗೆ ಕೊನೆಯೇ ಇಲ್ಲ. ಜಾಗ ಸಾಲದಿದ್ರೆ ಏನು ಗತಿ ಅನ್ನೋ ಪ್ರಶ್ನೆಯೇ ಅಲ್ಲಿ ಏಳಲ್ಲ. ಆಮೇಲೆ ಯುದ್ಧ, ಬ್ಲೆಚ್ಲಿ ಪಾರ್ಕ್. ಆ ಕಥೆ ಸಿನಿಮಾದಲ್ಲೇ ಇದೆ.

1945ರಲ್ಲಿ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸೇರಿ 'ಏಸ್' ಎಂಬ ಕಂಪ್ಯೂಟರಿನ ವಿನ್ಯಾಸ ಬರೆದರು. ಈ ಸಲ ಮೆಮೊರಿ ಅಂದ್ರೆ ಪಾದರಸ ತುಂಬಿದ ಕೊಳವೆಗಳು. ಒಂದರಲ್ಲಿ 1024 ಬಿಟ್, ಅಂದ್ರೆ ತಲಾ 32 ಬಿಟ್‌ನ 32 ವರ್ಡ್. ಒಂದು ಕೆಲಸದ ನಡುವೆ ಉಪಕೆಲಸಕ್ಕೆ ಹೋದ್ರೆ, ಎಲ್ಲಿಗೆ ವಾಪಸ್ ಬರಬೇಕು ಅನ್ನೋ ಚೀಟಿ ಬೇಕಲ್ಲ? ಅದನ್ನು ಹೂತಿಡೋಕೆ 'ಬರಿ', ಅಗೆದು ತೆಗೆಯೋಕೆ 'ಅನ್‌ಬರಿ' ಅಂತ ಹೆಸರಿಟ್ಟರು. ಚೀಟಿಗಳಿಗೆ ಇಂಥ ಒಂದೋ ಕೆಲವೋ ಕೊಳವೆ ಮೀಸಲು. ಕೊನೆಯ ಚೀಟಿ ಎಲ್ಲಿದೆ ಅನ್ನೋ ಗುರುತು ಬೇರೆ ಕಡೆ. ಅದೇ ಇವತ್ತಿನ ಸ್ಟ್ಯಾಕ್ ಪಾಯಿಂಟರ್. ಚೀಟಿಗೊಂದು ವರ್ಡ್ ಅಂತಿಟ್ಕೊಂಡ್ರೆ ಒಂದು ಕೊಳವೆಗೆ 32 ಕಾಲ್.

ಅನಂತ ಟೇಪಿನ ಮನುಷ್ಯನೇ ಲೆಕ್ಕ ಹಾಕಿ ಜಾಗ ಮೀಸಲಿಟ್ಟ. ನಮ್ಮ ಪ್ರಾಜೆಕ್ಟುಗಳಲ್ಲಿ ಆ ಲೆಕ್ಕ ಯಾರೂ ಮಾಡಲ್ಲ, ಡೀಫಾಲ್ಟ್ ನಂಬ್ಕೊಂಡು ಕೂರ್ತೀವಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 8 ಎಂಬಿ, ವಿಂಡೋಸ್‌ನಲ್ಲಿ 1 ಎಂಬಿ. ಆಲ್ಪೈನ್ ಕಂಟೇನರಿನ ಮಸಲ್ ಲೈಬ್ರರಿಯಲ್ಲಿ ಥ್ರೆಡ್ಡಿಗೆ ಬರೀ 128 ಕೆಬಿ. ಉಬುಂಟುವಿನಲ್ಲಿ ಓಡಿದ ರಿಕರ್ಶನ್ ಅಲ್ಲಿ ಸೆಗ್ಮೆಂಟೇಶನ್ ಫಾಲ್ಟ್ ಆಗಿ ಬಿದ್ದುಹೋಗಬಹುದು. ಹಾಗಂತ ಎಲ್ಲಕ್ಕೂ 8 ಎಂಬಿ ಕೊಟ್ಟು 1000 ಥ್ರೆಡ್ ತೆರೆದ್ರೆ ಸುಮಾರು 8 ಜಿಬಿ ವಿಳಾಸ ಮೀಸಲು. ಮುಟ್ಟಿದ ಪುಟಗಳಿಗಷ್ಟೇ ನಿಜವಾದ ರ‍್ಯಾಮ್ ಖರ್ಚಾಗೋದ್ರಿಂದ 64 ಬಿಟ್‌ನಲ್ಲಿ ನಡೆಯುತ್ತೆ, 32 ಬಿಟ್‌ನಲ್ಲಿ ವಿಳಾಸವೇ ಸಾಲಲ್ಲ. ನನ್ನ ಪ್ರಕಾರ, ಆಳಕ್ಕೆ ಇಳಿಯೋ ಥ್ರೆಡ್ಡಿಗೆ ಮಾತ್ರ ಅಳೆದು ಹೆಚ್ಚು ಕೊಡೋದೇ ಸರಿ.

ಏಸ್ ಕಟ್ಟೋದು ತಡವಾಯ್ತು. ಬೇಸತ್ತ ಟ್ಯೂರಿಂಗ್ 1948ರಲ್ಲಿ ಮ್ಯಾಂಚೆಸ್ಟರಿಗೆ ಹೋದರು. ಚಿಕ್ಕ ಮಾದರಿ ಪೈಲಟ್ ಏಸ್ 1950ರ ಮೇ 10ರಂದು ಓಡಿದಾಗ ಅವರು ಆ ಲ್ಯಾಬಿನವರಲ್ಲ. 1952ರಲ್ಲಿ ಸಲಿಂಗ ಸಂಬಂಧಕ್ಕಾಗಿ ಕೋರ್ಟು ಅಪರಾಧಿ ಎಂದಿತು. ಜೈಲು ತಪ್ಪಿಸಿಕೊಳ್ಳೋಕೆ ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯ್ತು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ ತೀರಿಕೊಂಡರು. ಜರ್ಮನಿಯ ಬಾಯರ್ ಮತ್ತು ಸಾಮೆಲ್ಸನ್ ಸ್ಟ್ಯಾಕ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು 1957ರಲ್ಲಿ.